ರಾಣೆಬೆನ್ನೂರಿನಿಂದ ಬಂದ ಬುತ್ತಿ

ಗಂಗವ್ವ ಡಬ್ಬಿಯನ್ನು ಕಾಲಿನಿಂದಲೇ ತಳ್ಳಿದಳು. ಮುಚ್ಚಳ ಕಳಚಿ ಹೆಸರುಕಾಳಿನ ಪಲ್ಯ ಆಸ್ಪತ್ರೆಯ ನೆಲದ ಮೇಲೆ ಚೆಲ್ಲಿತು. ಮುದುಕಿ ಬಿಸ್ಮಿಲ್ಲಾಬಿ ಡಬ್ಬಿ ಎತ್ತಿ ನೆಟ್ಟಗಿಟ್ಟಳು. ಕುಳಿತು, ಸೆರಗಿನ ತುದಿಯಿಂದ ನೆಲ ಒರೆಸತೊಡಗಿದಳು.

ಆ ತಾಳ್ಮೆಯೇ ಗಂಗವ್ವನ ಮೈ ಉರಿಸಿತು. ತಪ್ಪು ಮಾಡಿದವರಿಗಲ್ಲದೆ ಇಷ್ಟು ತಾಳ್ಮೆ ಯಾರಿಗಿರುತ್ತದೆ?

ಮಂಚದ ಮೇಲೆ ಗಂಡ ಹೊಳಿಯಪ್ಪ ಮಲಗಿದ್ದ. ಮೂಗಿಗೆ ನಳಿಗೆ, ತಲೆಗೆ ಬ್ಯಾಂಡೇಜು, ಎಚ್ಚರವಿಲ್ಲ. ಶನಿವಾರ ತಪ್ಪಿಸದೆ ಬ್ಯಾಡಗಿಯಿಂದ ಕದರಮಂಡಲಗಿಗೆ ಬೈಕಿನಲ್ಲಿ ಹೋಗುತ್ತಿದ್ದವನು. ಆಂಜನೇಯನಿಗೆ ಕೈಮುಗಿದು ಮರಳುವಾಗಲೇ ಯಾವುದೋ ಗಾಡಿ ಬಡಿದು ಹೋಗಿತ್ತು. ಅವತ್ತಿನಿಂದ ಗಂಗವ್ವ ದೇವರ ಹೆಸರೆತ್ತಿರಲಿಲ್ಲ. ಓಣಿಯವರು ತಂದ ಪ್ರಸಾದವನ್ನು ಕಿಟಕಿಯಾಚೆ ಒಗೆದಿದ್ದಳು. ತನ್ನ ಬಾಗಿಲಿಗೆ ಬಂದವನನ್ನು ತಿರುಗಿ ಮನೆ ಮುಟ್ಟಿಸಲಾಗದವನು ಎಂಥ ದೇವರು?

ಗಾಡಿ ಯಾರದೆಂದು ಕೇಳಿದಾಗಲೆಲ್ಲ ಮೈದುನ ಚನ್ನೇಶ ಅಣ್ಣನ ಮುಖ ನೋಡಿ ದನಿ ತಗ್ಗಿಸುತ್ತಿದ್ದ. “ಆವತ್ತಿನ ಮಾತು ಹಾಸಿಗಿ ಹತ್ರ ಬ್ಯಾಡ ವೈನಿ. ಅಣ್ಣ ಎದ್ದ ಮ್ಯಾಲ ಎಲ್ಲಾ ಹೇಳ್ತೀನಿ.” ಅದೇ ಚನ್ನೇಶ ಈ ಮುದುಕಿ ಬಂದರೆ ಎದ್ದು ನಿಂತು ಕೈಮುಗಿಯುತ್ತಿದ್ದ. ಬಡಿದ ಗಾಡಿಯವರ ಜೊತೆ ರಾಜಿಯಾಗಿದ್ದಾನೆ ಎನ್ನಲು ಇನ್ನೇನು ಬೇಕು?

ಮೊದಮೊದಲು ಗಂಗವ್ವ ಏನೂ ಕೇಳದೆ ಉಂಡಿದ್ದಳು. ಬಂಧುಬಳಗ ಒಂದು ಸಲ ಮುಖ ತೋರಿಸಿ ಮಾಯವಾಗಿತ್ತು. ಗುರುತಿಲ್ಲದ ಈ ಮುದುಕಿ ಮಾತ್ರ ದಿನಾ ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿ ಹಾವೇರಿಗೆ ಬಂದು ಬುತ್ತಿ ಇಡುತ್ತಿದ್ದಳು. ಗಂಗವ್ವನ ಕೊರಳಲ್ಲಿನ ಲಿಂಗ ಕಂಡು, “ಮಗನ ಮನ್ಯಾಗ ಬ್ಯಾರೆ ಪಾತ್ರ್ಯಾಗ ಮಾಡೇವವ್ವ, ಉಣ್ಣು” ಎಂದಿದ್ದಳು. ಹೋಗುವ ಮುನ್ನ ಹೊಳಿಯಪ್ಪನ ತುಟಿಗಳನ್ನೇ ನೋಡುತ್ತ ಅದೊಂದೇ ಪ್ರಶ್ನೆ: “ಏನರ ಮಾತಾಡಿದನೇನವ್ವ?”

ಯಾಕೆ ಕೇಳುತ್ತಾಳೆಂದು ಗಂಗವ್ವನಿಗೆ ಇವತ್ತು ಹೊಳೆದಿತ್ತು. ಎಚ್ಚರಾದವನು ಯಾರತ್ತ ಬೆರಳು ತೋರಿಸುತ್ತಾನೋ ಎಂಬ ಭಯ.

“ನಿಮ್ಮ ಮಗ ಏನ್ ಮಾಡ್ತಾನ?”

“ಲಗೇಜ್ ಗಾಡಿ ಓಡಸ್ತಿದ್ದ.”

“ಈಗ?”

“ಗಾಡಿ ಮನಿ ಮುಂದ ನಿಂತೈತಿ.”

“ನಿಲ್ಲದ ಏನ್ ಮಾಡೀತು. ಈ ರೊಟ್ಟಿ ಬಡದಾಕಿ ಯಾರು, ಅವನ ಹೇಣ್ತಿನ? ಆಕಿಗೆ ಇಲ್ಲೀತನಕ ಬರಾಕ ಏನಾಗೇತಿ, ಮಾರಿ ತೋರ್ಸಾಕ ನಾಚಿಕಿನ?”

“ನಸ್ರೀನ್ ಈಗ ಹೊಸ್ತಿಲ ದಾಟಂಗಿಲ್ಲವ್ವ.”

“ರೊಟ್ಟಿ ತಿನಿಸಿ ಪಾಪ ತೊಳ್ಕೋಬೇಕಂತೀರೇನು? ನಿಮ್ಮ ದೇವರು ಅಷ್ಟು ಸೋವಿ ಅದಾನೇನು?”

ಬಿಸ್ಮಿಲ್ಲಾಬಿಯ ಕೈ ನಿಂತಿತು. “ಅವನ ಜೋಡಿ ನಂದೂ ಜಗಳ ನಡದೈತಿ. ಐದೂ ಹೊತ್ತು ಕುಂತು ಕೇಳ್ತೀನಿ, ಯಾಕ ಅಂತ. ಹೇಳಂಗಿಲ್ಲ. ಎದ್ದು ಒಲಿ ಹಚ್ತೀನಿ. ನನ್ನ ಕೈಯಾಗ ಇರೋದು ಅಷ್ಟ.”

“ನಾಟಕ ಸಾಕು. ಇವರನ್ನ ಬಡದಾವ ನಿಮ್ಮ ಮಗ, ಹೌದಲ್ಲ?”

ಪಕ್ಕದ ಮಂಚದವರು ತಿರುಗಿ ನೋಡಿದರು. ಬಾಗಿಲಲ್ಲಿದ್ದ ಚನ್ನೇಶ “ವೈನಿ, ವೈನಿ” ಎನ್ನುತ್ತ ಓಡಿಬಂದ. ಮುದುಕಿ ಕೈಯೆತ್ತಿ ಅವನನ್ನು ತಡೆದಳು. ಮಲಗಿದವನ ಕಡೆ ಒಮ್ಮೆ ನೋಡಿ, ಗಂಗವ್ವನ ಮೊಣಕೈ ಹಿಡಿದಳು. ಕೊಸರಿಕೊಂಡರೂ ಬಿಡದೆ ವಾರ್ಡಿನಾಚೆ, ಮೆಟ್ಟಿಲಿನ ತನಕ ಕರೆದೊಯ್ದಳು.

“ಬ್ಯಾನಿ ಬಿದ್ದಾವನ ಹಾಸಿಗಿ ಹತ್ರ ಸಾವಿನ ಸುದ್ದಿ ಆಡಬಾರದು ಅಂತ ನಿನ್ನ ಮೈದುನ ಕೈಮುಗದು ಕೇಳ್ಕೊಂಡಿದ್ದ,” ಎಂದಳು. “ನಮ್ಮಾಗೂ ಆಡಂಗಿಲ್ಲ. ಅದಕ ಸುಮ್ಮನಿದ್ದೆ.”

“ಯಾರ ಸಾವು?” ಗಂಗವ್ವನ ದನಿ ಇನ್ನೂ ಏರಿಯೇ ಇತ್ತು.

“ನಿನ್ನ ಗಂಡನ್ನ ಬಡದ ಗಾಡಿ ನಿಲ್ಲಲಿಲ್ಲವ್ವ. ನಿಂತಾವ ನನ್ನ ಮಗ ಮುಜಾಫರ. ರಸ್ತೇದಾಗ ಬಿದ್ದಾವನ್ನ ಅಂಚಿಗೆ ಎಳೀಬೇಕಾದ್ರ ಹಿಂದಿಂದ ಲಾರಿ ಬಂತು. ಗಂಡ ಸತ್ತಾಕಿ ನಾಕ ತಿಂಗಳು ಹೊಸ್ತಿಲ ದಾಟಬಾರದು, ಅದಕ ನಸ್ರೀನ್ ಬಂದಿಲ್ಲ. ನನ್ನ ಮಗ ಕಡೀಕ ಏನಂದ ಅನ್ನೋದನ್ನ ಕೇಳಿದಾವ ಈ ಲೋಕದಾಗ ನಿನ್ನ ಗಂಡ ಒಬ್ಬನ.”