ಒಂದೇ ಡಬ್ಬಿಯ ಹಸಿರು

"ಈ ಗೋಡೆಗೆ ಬಣ್ಣ ಬಳಿದ ದಿನ ಊರಿನ ಗಿಳಿಗಳೆಲ್ಲ ಕಾಡು ಅಂದ್ಕೊಂಡು ಒಳಗೆ ನುಗ್ಗಿದ್ವು, ಅಕ್ಕಾ," ಎಂದ ಬಸ್ ಡ್ರೈವರ್ ತಮ್ಮ, ಎದೆಯುಬ್ಬಿಸಿ. ಅಡುಗೆಗೂ ಊಟಕ್ಕೂ ಹರಟೆಗೂ ಒಂದೇ ಆದ ಆ ಕೋಣೆಯನ್ನು ಕಳೆದ ಸಲ ಅಕ್ಕ "ಬಸ್ ನಿಲ್ದಾಣ" ಎಂದು ಹೀಗಳೆದಿದ್ದಳು. ಆ ಮಾತನ್ನು ಅವಳ ಬಾಯಿಂದಲೇ ವಾಪಸ್ ತೆಗೆಸಬೇಕೆಂಬುದು ಅವನ ಹಟ.

ಅಕ್ಕ ಗೋಡೆ ಮುಟ್ಟಿದಳು. ಒಲೆಯ ಬದಿಯಿಂದ ಸೋಫಾದ ಹಿಂದಿನವರೆಗೂ ಸೊಂಟದೆತ್ತರಕ್ಕೆ ಹಸಿರು, ಮೇಲೆ ಹಳೆಯ ಬಿಳಿ. ನಡುವಿನ ಗೆರೆ ದಾರ ಹಿಡಿದಷ್ಟು ನೇರ. "ಅರ್ಧಕ್ಕೇ ಯಾಕೋ ನಿಲ್ಲಿಸಿದೆ?"

"ವಿದೇಶದಲ್ಲೆಲ್ಲ ಈಗ ಹೀಗೇ. ದೊಡ್ಡ ದೊಡ್ಡ ಇಂಜಿನಿಯರುಗಳು ಬಂದು ಅಳತೆ ತಗೊಂಡು ಹೋದ್ರು."

ಅಕ್ಕ ಕಿಟಕಿಯಲ್ಲಿದ್ದ ಗಿಡದ ಕುಂಡವನ್ನು ತಿರುಗಿಸಿದಳು. ಅದು ಅದೇ ಹಸಿರು ಮೆತ್ತಿಕೊಂಡಿದ್ದ ಬಣ್ಣದ ಡಬ್ಬಿ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವನ ಹೆಂಡತಿ ನಗು ತಡೆಯಲಾರದೆ ಕೈಯಲ್ಲಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

"ಇದ್ದಿದ್ದೇ ಒಂದು ಡಬ್ಬಿ, ಅಕ್ಕಾ," ತಮ್ಮ ತಲೆ ಕೆರೆದುಕೊಂಡ. "ಮೇಲಿನ ತನಕ ಬಳೀತೀನಿ ಅಂತ ನಾನು ಹೊರಟಿದ್ದೆ. ಇವಳು ಟೇಪು ಹಿಡಿದು, ಇಷ್ಟೆತ್ತರ ಆದ್ರೆ ಎಲ್ಲಾ ಕಡೆ ಬರುತ್ತೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸೀರೆಗೆ ಹಾಕೋ ಹಾಗೆ ಇಡೀ ಮನೆಗೆ ಅಂಚು ಹಾಕಿಬಿಟ್ಲು." ಈ ಸಲ ಎದೆ ತಾನಾಗಿಯೇ ಉಬ್ಬಿತ್ತು.

ಅಕ್ಕ ಚೀಲ ಇಳಿಸಿ ಸೋಫಾದಲ್ಲಿ ಆರಾಮಾಗಿ ಕೂತಳು. "ನಿಲ್ದಾಣ ಅಂದಿದ್ದು ವಾಪಸ್. ಮತ್ತೆ ಆ ಗಿಳಿಗಳು?"

"ಒಂದು ಕಾಗೆ ಬಂದಿತ್ತು. ಅದೂ ಕಿಟಕಿ ತನಕ."