ವರ್ನಾ ಅಮ್ಮನ ಫೋರ್ಕ್

ಅಮೆರಿಕದ ಕ್ಯಾನ್ಸಸ್ಸಿನ ಒಂದು ಕಾಲೇಜಿನ ಚರಿತ್ರೆಯಲ್ಲಿ ಗ್ರಂಥಾಲಯಕ್ಕೆ ಬೆಂಕಿ ಬಿದ್ದದ್ದು ದಾಖಲಾಗಿದೆ, ಸುಂಟರಗಾಳಿ ಗಡಿಯಾರದ ಗೋಪುರವನ್ನು ಹೊತ್ತೊಯ್ದದ್ದೂ ದಾಖಲಾಗಿದೆ. ಆ ಸಾಲಿಗೆ ಸೇರಬೇಕಾದ ಘಟನೆ ಇನ್ನೊಂದಿದೆ. ಅಕ್ಟೋಬರಿನ ಎರಡನೆಯ ಸೋಮವಾರ ಸಂಜೆ ಆರು ಗಂಟೆಗೆ, ಹುಡುಗರು ಒಟ್ಟಾಗಿ ವಾಸಿಸುವ ವಿದ್ಯಾರ್ಥಿಗಳ ಸೋದರ ಸಂಘದ ಮನೆಯಲ್ಲಿ, ವರ್ನಾ ಅಮ್ಮ ಫೋರ್ಕ್ ಎತ್ತಲಿಲ್ಲ.

ಎತ್ತದಿದ್ದರೆ ಏನಾಯಿತು ಎನ್ನುವವರು ಆ ಮನೆಯಲ್ಲಿ ಉಂಡವರಲ್ಲ. ಸೋಮವಾರದ ಊಟಕ್ಕೆ ಕೋಟು, ಟೈ ಕಡ್ಡಾಯ. ಪ್ರಾರ್ಥನೆ ಮುಗಿದ ಮೇಲೂ, ಹುಡುಗರ ಊಟ, ಶಿಸ್ತು ನೋಡಿಕೊಳ್ಳುವ 'ಮನೆಯ ತಾಯಿ' ಎಂಬ ಹುದ್ದೆಯಲ್ಲಿರುವ ಎಪ್ಪತ್ತನಾಲ್ಕರ ವರ್ನಾ ಅಮ್ಮ ಫೋರ್ಕ್ ಎತ್ತುವವರೆಗೆ ಯಾರೂ ತಟ್ಟೆ ಮುಟ್ಟುವಂತಿಲ್ಲ. ಮೂವತ್ತೊಂದು ವರ್ಷಗಳಿಂದ ಹೀಗೇ. ಅವರ ವಾಸವೂ ಅಲ್ಲೇ, ಮೆಟ್ಟಿಲ ಪಕ್ಕದ ಎರಡು ಕೋಣೆಗಳಲ್ಲಿ, ಬೇರೆ ಮನೆಯೆಂಬುದಿಲ್ಲ.

ಅವರ ಬಲಕ್ಕೆ ಕೂತಿದ್ದ ಡ್ವೈಟ್ ಹಾರ್ಲನ್ ಈ ನಿಯಮವನ್ನು ಹತ್ತೊಂಬತ್ತರ ವಯಸ್ಸಿನಲ್ಲಿ ಕಲಿತವನು. ಸಂಘಕ್ಕೆ ಸೇರಿದ ಮೊದಲ ವಾರವೇ ಬನ್ನಿಗೆ ಕೈ ಹಾಕಿ, ಒಂದು ತಿಂಗಳು ವರ್ನಾ ಅಮ್ಮನ ಪಕ್ಕದಲ್ಲೇ ಕೂತು ಉಣ್ಣುವ ಶಿಕ್ಷೆ ಪಡೆದಿದ್ದ. ಮುಂದೆ ಟ್ರ್ಯಾಕ್ಟರ್ ಅಂಗಡಿಯ ಮಾಲೀಕರೊಬ್ಬರು ಕೆಲಸ ಕೊಡುವ ಮುನ್ನ ಅವನನ್ನು ಊಟಕ್ಕೆ ಕರೆದರು. ಅಂಕಪಟ್ಟಿ ನೋಡಲಿಲ್ಲ, ಫೋರ್ಕ್ ಹಿಡಿದ ಕೈ ನೋಡಿದರು. ಕಾಲಕ್ರಮದಲ್ಲಿ ಅಂಗಡಿಯನ್ನೂ ಕೊಟ್ಟರು, ಮಗಳನ್ನೂ ಕೊಟ್ಟರು. ಈಗ ಡ್ವೈಟ್ ಸಂಘದ ಹಳೆಯ ವಿದ್ಯಾರ್ಥಿಗಳ ಮಂಡಳಿಗೆ ಅಧ್ಯಕ್ಷ. ಮನೆಯ ತಾಯಿಯ ಹುದ್ದೆ ರದ್ದು ಮಾಡಿ ಮೂಲೆಮೂಲೆಗೂ ಕ್ಯಾಮೆರಾ ಹಾಕಿಸುವುದೆಂದು ಮಂಡಳಿ ತೀರ್ಮಾನಿಸಿತ್ತು. ಆ ಪತ್ರ ಅವನ ಕೋಟಿನ ಒಳಜೇಬಿನಲ್ಲಿತ್ತು. ಅದನ್ನು ಕೊಡಲು ಮಂಡಳಿಯ ಐವರೂ ಬರಬೇಕಿತ್ತು. ಉಳಿದ ನಾಲ್ವರಿಗೂ ಅದೇ ಸಂಜೆ ತಪ್ಪಿಸಲಾಗದ ಕೆಲಸ ಬಂದಿತ್ತು.

"ಹೂವು ತಂದಿದ್ದೀಯ, ಫಲಕ ತಂದಿದ್ದೀಯ," ಎಂದರು ವರ್ನಾ ಅಮ್ಮ, ಮಡಿಲಿಗೆ ನ್ಯಾಪ್ಕಿನ್ ಹರಡಿಕೊಳ್ಳುತ್ತ. "ಯಾರು ಹೋಗ್ಬಿಟ್ರು ಡ್ವೈಟ್?"

"ಅಯ್ಯೋ, ಹಂಗೇನಿಲ್ಲಮ್ಮ. ನಿಮ್ಮ ಸೇವೆಗೆ ಒಂದು ಸಣ್ಣ ಗೌರವ..."

"ಕೈ ಪದೇ ಪದೇ ಜೇಬಿಗೆ ಹೋಗ್ತಿದೆ. ಎದೆನೋವಾ, ಕಾಗದಾನಾ?"

"ಕಾಗದ. ಊಟ ಆದ್ಮೇಲೆ ಕೊಡ್ತೀನಿ."

"ಹೊಟ್ಟೆ ತುಂಬಿದ್ಮೇಲೆ ಕೆಟ್ಟ ಸುದ್ದಿ ಕೇಳಿದ್ರೆ ನಂಗೆ ಅರಗಲ್ಲ. ಈಗ್ಲೇ ಓದು. ಗಟ್ಟಿಯಾಗಿ ಓದು, ಹುಡುಗ್ರೂ ಕೇಳ್ಲಿ."

"ಊಟ ಆದ್ಮೇಲೆ, ಅಮ್ಮ."

"ಸರಿ," ಎಂದು ವರ್ನಾ ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಅರವತ್ತೆರಡು ಹುಡುಗರೂ ಕೂತರು. ಮೊದಲು ಹುರಿದ ಮಾಂಸದ ಹಬೆ ನಿಂತಿತು. ಆಮೇಲೆ ಗ್ರೇವಿಗೆ ಕೆನೆ ಕಟ್ಟಿತು. ಆಲೂಗಡ್ಡೆಯ ಮೇಲೆ ಕರಗಿದ್ದ ಬೆಣ್ಣೆ ಮನಸ್ಸು ಬದಲಾಯಿಸಿ ಮತ್ತೆ ಗಟ್ಟಿಯಾಯಿತು. ಫುಟ್‌ಬಾಲ್ ತಂಡದ ದೈತ್ಯನೊಬ್ಬ, ರೈಲು ತಪ್ಪಿದವನು ಹಳಿ ನೋಡುವಂತೆ ತನ್ನ ತಟ್ಟೆಯನ್ನು ನೋಡುತ್ತಿದ್ದ. ಯಾರದೋ ಹೊಟ್ಟೆ ಗುರ್ ಎಂದಿತು. ದೂರದ ಮೇಜಿನಿಂದ ಇನ್ನೊಂದು ಹೊಟ್ಟೆ ಉತ್ತರ ಕೊಟ್ಟಿತು. ಹೊಸದಾಗಿ ಸೇರಿದವನೊಬ್ಬ ಬನ್ನಿನ ಬುಟ್ಟಿಯತ್ತ ಬೆರಳು ಚಾಚಿದ್ದೇ ತಡ, ಪಕ್ಕದವನು ಆ ಬೆರಳಿಗೆ ಪಟ್ಟನೆ ಹೊಡೆದ.

ಹುಡುಗರ ಮುಖಂಡ ಟಕರ್, ಡ್ವೈಟನ ಕಡೆ ಬಾಗಿ ಪಿಸುಗುಟ್ಟಿದ: "ಸರ್, ಅದೇನಿದ್ರೂ ಓದ್ಬಿಡಿ. ನಾಳೆ ನಂಗೆ ಕೆಮಿಸ್ಟ್ರಿ ಪರೀಕ್ಷೆ. ಅಲ್ಲಿವರ್ಗೂ ಬದುಕಿರ್ಬೇಕು."

"ನೀವು ಶುರು ಮಾಡ್ರೋ. ಮಂಡಳಿ ಅಧ್ಯಕ್ಷ ನಾನೇ ಹೇಳ್ತಿದ್ದೀನಲ್ಲ."

ಟಕರ್ ಅವನನ್ನು ಕನಿಕರದಿಂದ ನೋಡಿದ. "ನೀವು ಶುರು ಮಾಡಿ ಸರ್. ನೋಡೋಣ."

ಡ್ವೈಟ್ ತನ್ನ ಫೋರ್ಕನ್ನು ನೋಡಿದ. ನಲವತ್ತು ಜನ ನೌಕರರಿಗೆ ಸಂಬಳ ಕೊಡುವ ಕೈ, ಮೇಜಿನಿಂದ ಮೇಲೇಳಲಿಲ್ಲ.

ಬೇರೆ ದಾರಿ ಕಾಣದೆ ಪತ್ರ ತೆಗೆದು ಬಿಡಿಸಿದ. ಮೊದಲ ಸಾಲು ಅವನೇ ಬರೆದದ್ದು, ಮಂಡಳಿಯಲ್ಲಿ ನಾಲ್ವರೂ ತಲೆದೂಗಿದ್ದು: 'ಇಂದಿನ ವಿದ್ಯಾರ್ಥಿಗಳು ಮನೆಯಲ್ಲಿ ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ...'

ತಲೆಯೆತ್ತಿದ. ಗೋಡೆಯ ಗಡಿಯಾರದಲ್ಲಿ ಆರು ಇಪ್ಪತ್ತಮೂರು. ಅರವತ್ತೆರಡು ಟೈ. ಅರವತ್ತೆರಡು ಮುಟ್ಟದ ತಟ್ಟೆ. ಮತ್ತೆ ಪತ್ರದ ಮೊದಲ ಸಾಲು ನೋಡಿದ.

"ಓದು," ಎಂದರು ವರ್ನಾ ಅಮ್ಮ. ದನಿ ಎಂದಿನಂತೆಯೇ ಇತ್ತು. ಮಡಿಲಿನ ನ್ಯಾಪ್ಕಿನ್ ಮಾತ್ರ ಅವರ ಮುಷ್ಟಿಯಲ್ಲಿ ಉಂಡೆಯಾಗಿತ್ತು. ಅದು ಡ್ವೈಟನಿಗಷ್ಟೇ ಕಾಣುತ್ತಿತ್ತು.

"ಅದು... ಚಾವಣಿ ಸೋರ್ತಿದೆಯಂತೆ. ಅದ್ರ ವಿಷಯ."

"ಚಾವಣಿ ಸೋರಲ್ಲ."

"ಹಂಗಾದ್ರೆ ಕಾಗದ ಬೇಕಾಗಿಲ್ಲ ಬಿಡಿ," ಎಂದು ಡ್ವೈಟ್ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿದ.

ವರ್ನಾ ಅಮ್ಮ ಫಲಕದತ್ತ ಕಣ್ಣು ಹಾಯಿಸಿದರು. "ಮತ್ತೆ ಆ ಫಲಕ?"

"ನಿಮ್ಮ ಹೆಸರು ಕೆತ್ತಿಸ್ಬಿಟ್ಟಿದ್ದೀನಿ. ಇಟ್ಕೊಳ್ಳಿ."

"ಇರ್ಲಿ. ಬಿಸಿ ಪಾತ್ರೆ ಇಡೋಕಾಗತ್ತೆ." ನ್ಯಾಪ್ಕಿನ್ನನ್ನು ಬಿಡಿಸಿ ಮತ್ತೆ ಮಡಿಲ ಮೇಲೆ ಸವರಿ ಹಾಸಿಕೊಂಡರು. "ಡ್ವೈಟ್, ಮೊಣಕೈ."

ಡ್ವೈಟ್ ಮೇಜಿನ ಮೇಲಿಂದ ಮೊಣಕೈ ತೆಗೆದ. ವರ್ನಾ ಅಮ್ಮ ಫೋರ್ಕ್ ಎತ್ತಿದರು. ಅರವತ್ತೆರಡು ಫೋರ್ಕ್‌ಗಳು ಒಟ್ಟಿಗೆ ಎದ್ದ ಸದ್ದಿಗೆ ಅಡುಗೆಯವನು ಒಳಗಿನಿಂದ ಇಣುಕಿ ನೋಡಿದ.

ಮುಂದಿನ ಸೋಮವಾರದ ಊಟಕ್ಕೆ ಮಂಡಳಿಯ ಉಳಿದ ನಾಲ್ವರಿಗೂ ವರ್ನಾ ಅಮ್ಮನಿಂದ ಕರೆ ಹೋಯಿತು. ನಾಲ್ವರೂ ಟೈ ಕಟ್ಟಿಕೊಂಡು ಬಂದರು. ಕ್ಯಾಮೆರಾ ಬರಲಿಲ್ಲ.