ಹದಿನೇಳನೇ ನಂಬರಿನ ಉದ್ಯೋಗ

“ಹದಿನೇಳನೇ ನಂಬರಿನ ಮುಂದೆ ಯಾಕೆ ಖಾಲಿ ಬಿಟ್ಟಿದ್ದೀರಿ?” ಪ್ರಿನ್ಸಿಪಾಲರು ಪಟ್ಟಿಯ ಮೇಲೆ ಬೆರಳೂರಿದರು.

“ಕೆಲಸ ಸಿಕ್ಕಿಲ್ಲ ಸರ್.”

ಅಡುಗೆ ತರಬೇತಿ ಶಾಲೆಯ ಗೇಟಿನ ಮೇಲೆ ‘ಕಲಿತವರಲ್ಲಿ ನೂರಕ್ಕೆ ನೂರು ಮಂದಿಗೆ ಉದ್ಯೋಗ’ ಎಂಬ ಬೋರ್ಡಿತ್ತು. ಮಾನ್ಯತೆ ಕೊಡುವ ಕಚೇರಿಯವರು ನಾಳೆ ತಪಾಸಣೆಗೆ ಬರುವವರಿದ್ದರು. ಬೋರ್ಡಿನ ಮಾತು ಸುಳ್ಳೆಂದಾದರೆ ಮಾನ್ಯತೆ ಹೋಗುತ್ತದೆ. ಬೋರ್ಡು ಇಳಿಸಿದರೆ ಸೇರಲು ಯಾರೂ ಬರುವುದಿಲ್ಲ ಎಂಬುದು ಪ್ರಿನ್ಸಿಪಾಲರ ದಿಗಿಲು. ನಡುವೆ ಸಿಕ್ಕಿಕೊಂಡವಳು ಅವಳು. ಶಾಲೆ ನಿಯಮ ಪಾಲಿಸುತ್ತಿದೆಯೇ ಎಂದು ನೋಡಿಕೊಳ್ಳುವುದು ಅವಳ ಕೆಲಸ. ಎಲ್ಲರ ಬಾಯಲ್ಲಿ ‘ರೂಲ್ಸ್ ಮೇಡಂ’. ಐವತ್ತರ ಹೊಸ್ತಿಲಲ್ಲಿ ಸಿಕ್ಕಿದ ಮೊದಲ ನೌಕರಿ. ಕಾಯಂ ಆಗಲು ಪ್ರಿನ್ಸಿಪಾಲರ ಸಹಿಯೊಂದು ಬಾಕಿ.

“ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರು ಸರಿಯಾಗಿದೆ. ಒಂದಕ್ಕೆ ಯಾಕೆ ತಕರಾರು? ಮನೆಯಲ್ಲಿ ಅಡುಗೆ ಮಾಡ್ತಾರಲ್ಲ, ‘ಅಡುಗೆ ವೃತ್ತಿ’ ಅಂತ ಬರೀರಿ.”

“ಸಂಬಳ ಇಲ್ಲದ್ದು ಉದ್ಯೋಗ ಅಲ್ಲ ಅಂತ ನಿಯಮ ಇದೆ ಸರ್.”

“ಬೇರೆಯವರಾಗಿದ್ರೆ ಸರಿ. ಇವರ ವಿಷಯದಲ್ಲೂ ಹೀಗೇನಾ?”

“ಇವರ ವಿಷಯದಲ್ಲೇ ಜಾಸ್ತಿ ಸರ್.”

ಪ್ರಿನ್ಸಿಪಾಲರು ಫೋನನ್ನು ಅವಳತ್ತ ತಳ್ಳಿದರು. “ಇನ್ನೊಂದು ಸಲ ಕೇಳಿ. ನನ್ನೆದುರಿಗೇ.”

ಕೇಳಲೇಬೇಕಾದ ಪ್ರಶ್ನೆಗಳ ಹಾಳೆ ಮುಂದಿಟ್ಟುಕೊಂಡು ಅವಳು ಓದಿದಳು. “ತಮಗೆ ಉದ್ಯೋಗ ಸಿಕ್ಕಿದೆಯೇ?”

“ಐದಕ್ಕೆ ಎದ್ದಿದ್ದು, ಇನ್ನೂ ಕೂತಿಲ್ಲ. ತಿಂಡಿ ಆಯ್ತು, ಪಾತ್ರೆ ಆಯ್ತು, ಬಟ್ಟೆ ನೆನೆಹಾಕಿದ್ದೀನಿ. ಇದು ಕೆಲಸ ಅಲ್ವಾ?”

“ಸಂಬಳ?”

“ಸಂಬಳಾನಾ! ಉಪ್ಪು ಜಾಸ್ತಿ ಅಂತ ನಿನ್ನೆ ಅನ್ನಿಸಿಕೊಂಡಿದ್ದೇ ಬಂತು.”

“ಅಂದವರಿಗೆ ಜಾಸ್ತಿ ಆಗಿದ್ದಿರಬಹುದು,” ಎಂದಳು ಅವಳು. ಅದು ಹಾಳೆಯಲ್ಲಿ ಇರಲಿಲ್ಲ.

“ಹಾಲು ಉಕ್ತಿದೆ, ಇಡ್ತೀನಿ.”

ಪಾಪ, ಈರುಳ್ಳಿ ಹೆಚ್ಚುವುದರಲ್ಲಿ ಇಡೀ ತರಗತಿಗೇ ಮೊದಲು ಬಂದಿದ್ದ ಕೈ. ವಯಸ್ಸಾಯಿತೆಂದು ಮೂರು ಹೋಟೆಲಿನವರು ಬೇಡ ಎಂದಿದ್ದರು.

ಅವಳಿಗೆ ಹಳೆಯ ಅರ್ಜಿಯೊಂದು ನೆನಪಾಯಿತು. ಮಗಳನ್ನು ಶಾಲೆಗೆ ಸೇರಿಸಿದ ದಿನ ‘ತಾಯಿಯ ಉದ್ಯೋಗ’ ಎಂಬಲ್ಲಿ ಗಂಡ ತಲೆ ಎತ್ತದೆ ‘ಏನೂ ಇಲ್ಲ’ ಎಂದು ಗೀಚಿದ್ದ. ಅವಳು ಪಕ್ಕದಲ್ಲೇ ನಿಂತಿದ್ದಳು, ಒಂದು ಕೈಯಲ್ಲಿ ಅವನ ಊಟದ ಡಬ್ಬಿ, ಇನ್ನೊಂದರಲ್ಲಿ ಮಗಳ ಚೀಲ. ಇಪ್ಪತ್ತು ವರ್ಷವಾದರೂ ಆ ಎರಡು ಪದ ಗಂಟಲಲ್ಲಿ ಮುಳ್ಳಿನಂತೆ ಉಳಿದಿದ್ದವು. ಅದೇ ಮುಳ್ಳನ್ನು ಇನ್ನೊಬ್ಬರಿಗೆ ಚುಚ್ಚಬೇಕೆ? ಪೆನ್ನು ಗಾಳಿಯಲ್ಲೇ ನಿಂತಿತು.

ಅಷ್ಟರಲ್ಲಿ ಸೇರ್ಪಡೆಯ ಅರ್ಜಿ ಹಿಡಿದ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿದಳು. “ಮೇಡಂ, ಇರೋ ಕೆಲಸ ಬಿಟ್ಟು ಬರ್ತಿದ್ದೀನಿ. ಬೋರ್ಡಿನಲ್ಲಿರೋದು ನಿಜಾನಾ?”

ಪ್ರಿನ್ಸಿಪಾಲರು ಜೋರಾಗಿ ಕೆಮ್ಮಿದರು.

ನೌಕರಿ ಹೋದರೆ ಹೋಗಲಿ. “ಇಲ್ಲಮ್ಮ. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತಮೂರು,” ಎಂದು ಹೇಳಿ, ಅವಳು ಹದಿನೇಳರ ಮುಂದಿನ ಖಾಲಿ ಜಾಗವನ್ನು ತುಂಬಿಯೇಬಿಟ್ಟಳು.

“ಮೂರು ಕಡೆ ವಿಚಾರಿಸಿದೆ ಮೇಡಂ, ಎಲ್ಲರೂ ನೂರಕ್ಕೆ ನೂರು ಅಂದ್ರು. ಒಂದು ಕಮ್ಮಿ ಅಂದವರು ನೀವೊಬ್ರೇ,” ಎಂದ ಹೆಂಗಸು ಕುರ್ಚಿ ಎಳೆದುಕೊಂಡಳು. “ಎಲ್ಲಿ ಸಹಿ ಮಾಡ್ಬೇಕು?”

ಪ್ರಿನ್ಸಿಪಾಲರು ಆ ಅರ್ಜಿಯನ್ನೂ ರೂಲ್ಸ್ ಮೇಡಮ್ಮನ್ನೂ ಎರಡೆರಡು ಸಲ ನೋಡಿದರು. ಬೋರ್ಡು ತಿದ್ದಲು ಪೇಂಟರಿಗೆ ಫೋನು ಮಾಡಿದರು. ಆಮೇಲೆ ಕಾಯಂ ಪತ್ರಕ್ಕೆ ಸಹಿ ಹಾಕುತ್ತ ಗೊಣಗಿದರು, “ನಿಮ್ಮನ್ನ ಮನೆಯಲ್ಲಿ ಹೇಗೆ ತಡ್ಕೋತಾರೋ!”

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ತಟ್ಟೆ ಹಾಕಿತ್ತು. ಮೊದಲ ತುತ್ತು ಬಾಯಿಗಿಡುವಾಗ ಹದಿನೇಳನೇ ನಂಬರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಎದುರಿಗೆ ನಿಂತಿತು. “ಕೊನೆಗೂ ನನ್ನ ಉದ್ಯೋಗ ಏನಂತ ಬರೆದೆ?”

“‘ಏನೂ ಇಲ್ಲ’ ಅಂತ ಬರೆದೆ ಕಣ್ರೀ. ಉಪ್ಪು ಇವತ್ತು ಸರಿಯಾಗಿದೆ,” ಎಂದು ಅವಳು ಗಂಡನಿಗೆ ಹೇಳಿದಳು, ತಲೆ ಎತ್ತದೆ.